ಜರ್ಮನಿಗೆ ಬಂದ ಮೇಲೆ ಮನಸ್ಸನ್ನು ನೆಲೆಗೊಳಿಸುವುದು ಹೇಗೆ: ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯಿಂದ ಜರ್ಮನಿಗೆ ಕೆಲಸಕ್ಕೆ ಬರುವವರಿಗೆ ವೀಸಾ, ಬಾಡಿಗೆ ಮನೆ, ಟ್ಯಾಕ್ಸ್ ಕ್ಲಾಸ್ ಬಗ್ಗೆ ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ಎಲ್ಲ ಸರಿಹೋದ ಮೇಲೂ ಭಾನುವಾರ ಮಧ್ಯಾಹ್ನ ಯಾಕೆ ಸುಮ್ನೆ ಅಳು ಬರುತ್ತದೆ, ಆಫೀಸಿನಲ್ಲಿ ಅಷ್ಟು ಚುರುಕಾಗಿದ್ದವರು ಇಲ್ಲಿ ಒಂದು ಫೋನ್ ಮಾಡುವುದಕ್ಕೂ ಯಾಕೆ ಹೆದರುತ್ತಾರೆ, ಗಂಡ ಹೆಂಡತಿ ಒಂದೇ ವಿಮಾನದಲ್ಲಿ ಬಂದರೂ ಯಾಕೆ ಒಬ್ಬರು ಬೇಗ ಹೊಂದಿಕೊಂಡು ಇನ್ನೊಬ್ಬರು ಒಳಗೊಳಗೇ ಕುಗ್ಗುತ್ತಾರೆ, ಇದನ್ನು ಕೂರಿಸಿಕೊಂಡು ಹೇಳುವವರು ಕಡಿಮೆ. ಇದು ನಿಮ್ಮೊಬ್ಬರ ದೌರ್ಬಲ್ಯ ಅಂದುಕೊಳ್ಳಬೇಡಿ. ಮನಃಶಾಸ್ತ್ರಜ್ಞರು ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇದನ್ನೇ ನೋಡುತ್ತಾ ಬಂದಿದ್ದಾರೆ. ಅವರಿಗೆ ಗೊತ್ತಾದದ್ದನ್ನು ಇಲ್ಲಿನ ದಿನನಿತ್ಯದ ಬದುಕಿಗೆ ಜೋಡಿಸಿ ಕೆಳಗೆ ಬರೆದಿದ್ದೇನೆ. ಈಗಷ್ಟೇ ಬಂದವರಿಗೂ, ಬರಲು ಸೂಟ್‌ಕೇಸ್ ತುಂಬುತ್ತಿರುವವರಿಗೂ ಇದು.

1. ಎರಡು ಲೆಕ್ಕ ಬೇರೆಬೇರೆ ಇಡಿ

ಎಲ್ಲಕ್ಕಿಂತ ಮುಖ್ಯವಾದ ಮಾತು ಇದೇ. ನ್ಯೂಜಿಲೆಂಡಿನ ಮನಃಶಾಸ್ತ್ರಜ್ಞೆ ಕೊಲೀನ್ ವಾರ್ಡ್ ಮತ್ತು ಅವರ ಜೊತೆಗಾರರು ಹೊಂದಿಕೊಳ್ಳುವಿಕೆಯನ್ನು ಎರಡಾಗಿ ಬಿಡಿಸಿದರು. ಒಂದು, ಮನಸ್ಸಿನ ನೆಮ್ಮದಿ. ಇನ್ನೊಂದು, ಆ ಊರಿನಲ್ಲಿ ದಿನದ ವ್ಯವಹಾರ ನಡೆಸುವ ಕೌಶಲ. ಇವೆರಡಕ್ಕೂ ನಂಟಿದೆ, ಆದರೆ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಕೌಶಲ ಮೊದಲ ತಿಂಗಳುಗಳಲ್ಲಿ ಸರಸರ ಏರಿ ಆಮೇಲೆ ನಿಧಾನವಾಗುತ್ತದೆ. ನೆಮ್ಮದಿ ಮಾತ್ರ ಏರುತ್ತಾ ಇಳಿಯುತ್ತಾ ಹೋಗುತ್ತದೆ.

ಹಾಗಾಗಿ ಅನ್‌ಮೆಲ್ಡುಂಗ್, ಅಂದರೆ ವಿಳಾಸದ ನೋಂದಣಿ ಮುಗಿಸಿ, ಕಸ ಬೇರ್ಪಡಿಸುವುದು ಕಲಿತು, ಖಾಲಿ ಬಾಟಲಿಯನ್ನು ಮೆಶಿನ್ನಿಗೆ ಹಾಕಿ 25 ಸೆಂಟ್ ಫಾಂಡ್ (ಬಾಟಲಿಯ ಠೇವಣಿ) ವಾಪಸ್ ತರುವವರೆಗೂ ಪಳಗಿದ ಮನುಷ್ಯ ರಾತ್ರಿ ನಿದ್ದೆ ಬಾರದೆ ಹೊರಳಾಡುತ್ತಿರಬಹುದು. ಇನ್ನೊಬ್ಬರು ಕನ್ನಡದ ಗೆಳೆಯರ ನಡುವೆ ಖುಷಿಯಾಗಿದ್ದು, ಡಾಕ್ಟರ ಹತ್ತಿರ ಟರ್ಮಿನ್ (ಅಪಾಯಿಂಟ್‌ಮೆಂಟ್) ಕೇಳಲು ಇನ್ನೂ ಬೇರೆಯವರ ಬಾಯಿಯನ್ನೇ ನಂಬಿರಬಹುದು. ಮೊದಲನೆಯವರಿಗೆ ಬೇಕಾದದ್ದು ಜನ, ನಿದ್ದೆ, ಮಾತು. ಎರಡನೆಯವರಿಗೆ ಬೇಕಾದದ್ದು ಅಭ್ಯಾಸ. ಎರಡನ್ನೂ ಕಲಸಿ "ನಾನು ಸೆಟ್ಲ್ ಆದೆನಾ?" ಅಂತ ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ.

ಮಾಡಬೇಕಾದ್ದು ಇಷ್ಟು. ಒಂದು ಪುಸ್ತಕದಲ್ಲಿ ತಿಂಗಳಿಗೊಮ್ಮೆ ಎರಡು ಪಟ್ಟಿ ಬರೆಯಿರಿ. ಒಂದರಲ್ಲಿ ಈ ತಿಂಗಳು ಯಾರ ಸಹಾಯವೂ ಇಲ್ಲದೆ ಮಾಡಿದ ಕೆಲಸಗಳು. ಇನ್ನೊಂದರಲ್ಲಿ ನಿದ್ದೆ, ಹಸಿವು, ಸಿಟ್ಟು, ನಗು ಹೇಗಿತ್ತು ಅನ್ನುವುದು. ಯಾವ ಪಟ್ಟಿ ಹಿಂದೆ ಬಿದ್ದಿದೆಯೋ ಮುಂದಿನ ತಿಂಗಳು ಅದರ ಕಡೆ ಗಮನ.

2. 'ಮೊದಲು ಖುಷಿ, ಆಮೇಲೆ ಬೇಜಾರು' ಎಂಬ ಗ್ರಾಫನ್ನು ನಂಬಿ ಕೂರಬೇಡಿ

ಕಲ್ಚರ್ ಶಾಕ್ ಅನ್ನುವ ಮಾತು ಹರಡಿದ್ದು ಮುಖ್ಯವಾಗಿ ಮಾನವಶಾಸ್ತ್ರಜ್ಞ ಕಾಲೆರ್ವೊ ಓಬರ್ಗ್ 1960ರಲ್ಲಿ ಬರೆದ ಲೇಖನದಿಂದ. ಅವರು ಕೊಟ್ಟ ಕಾರಣ ಇವತ್ತಿಗೂ ಸರಿಯಾಗಿದೆ. ಊರಿನಲ್ಲಿದ್ದಾಗ ಯಾವಾಗ ನಗಬೇಕು, ಯಾರನ್ನು ಹೇಗೆ ಮಾತಾಡಿಸಬೇಕು, ಯಾವ 'ಇಲ್ಲ' ನಿಜವಾದ ಇಲ್ಲ ಅನ್ನುವುದಕ್ಕೆ ಸಾವಿರ ಸಣ್ಣ ಸುಳಿವುಗಳಿರುತ್ತವೆ. ಹೊಸ ದೇಶದಲ್ಲಿ ಅವೆಲ್ಲ ಒಟ್ಟಿಗೇ ಮಾಯವಾಗುತ್ತವೆ. ಅದರಿಂದ ಹುಟ್ಟುವ ಆತಂಕವೇ ಆ ಶಾಕ್.

ಅದಕ್ಕೂ ಮೊದಲು, 1955ರಲ್ಲಿ, ಸ್ವೆರೆ ಲಿಸ್‌ಗಾರ್ಡ್ ಎಂಬುವರು ಅಮೆರಿಕದಲ್ಲಿ ಇದ್ದು ಬಂದ ನಾರ್ವೆಯ ವಿದ್ವಾಂಸರನ್ನು ಮಾತಾಡಿಸಿದ್ದರು. ಆರು ತಿಂಗಳೊಳಗೆ ಇದ್ದವರೂ, ಹದಿನೆಂಟು ತಿಂಗಳಿಗಿಂತ ಜಾಸ್ತಿ ಇದ್ದವರೂ ಚೆನ್ನಾಗಿ ಹೊಂದಿಕೊಂಡಿದ್ದರು, ನಡುವಿನವರು ಸ್ವಲ್ಪ ಕಡಿಮೆ. ಅಲ್ಲಿಂದ ಆ ಇಳಿದು ಏರುವ ಗ್ರಾಫ್ ಪ್ರಸಿದ್ಧವಾಯಿತು. ಆದರೆ 1998ರಲ್ಲಿ ವಾರ್ಡ್ ತಂಡ ನ್ಯೂಜಿಲೆಂಡಿಗೆ ಓದಲು ಬಂದ ಜಪಾನಿ ವಿದ್ಯಾರ್ಥಿಗಳನ್ನು ಬಂದಿಳಿದಾಗಿನಿಂದ ಗಮನಿಸಿತು. ಅವರಿಗೆ ಕಷ್ಟ ಅತಿ ಹೆಚ್ಚಿದ್ದದ್ದು ಬಂದ ಹೊಸತರಲ್ಲೇ. ಮೊದಲ ದಿನಗಳ ಖುಷಿ, ಅಂದರೆ 'ಹನಿಮೂನ್', ಕಾಣಲೇ ಇಲ್ಲ.

ಯಾಕೆ ಹೇಳುತ್ತಿದ್ದೇನೆ ಅಂದರೆ, ಬಂದ ಮೊದಲ ವಾರವೇ ಸಂಕಟವಾದರೆ ಕೆಲವರು "ಎಲ್ಲರಿಗೂ ಮೊದಲು ಖುಷಿಯಂತೆ, ನನಗೆ ಮಾತ್ರ ಹೀಗಾ?" ಅಂತ ಇನ್ನಷ್ಟು ಹೆದರುತ್ತಾರೆ. ಹೆದರಬೇಡಿ. ಏರ್‌ಪೋರ್ಟಿನಿಂದ ಬಾಡಿಗೆ ರೂಮಿಗೆ ಬಂದ ರಾತ್ರಿಯೇ ಎದೆ ಭಾರವಾಗುವುದು ಸಹಜ.

3. ಮೊದಲ ತಿಂಗಳು ಹೊಸತನ್ನು ಕಡಿಮೆ ಮಾಡಿ

ಇಲ್ಲಿನ ಕಿಟಾಗೆ, ಅಂದರೆ ಮಕ್ಕಳ ಡೇಕೇರ್‌ಗೆ, ಮಗುವನ್ನು ಸೇರಿಸಿದವರಿಗೆ ಗೊತ್ತು. ಮೊದಲ ದಿನವೇ ಬಿಟ್ಟು ಬರಲು ಆಗುವುದಿಲ್ಲ. ಹೆಚ್ಚು ಕಡೆ ನಡೆಯುವ ಬರ್ಲಿನ್ ಪದ್ಧತಿಯಲ್ಲಿ ಮೊದಲ ಮೂರು ದಿನ ಅಪ್ಪನೋ ಅಮ್ಮನೋ ಮಗುವಿನ ಜೊತೆಗೇ ಕೂರಬೇಕು. ಬಿಟ್ಟು ಹೊರಬರುವ ಮೊದಲ ಪ್ರಯತ್ನವೇ ನಾಲ್ಕನೇ ದಿನ, ಅದೂ ಸ್ವಲ್ಪ ಹೊತ್ತು. ಮಗು ಸಮಾಧಾನವಾದಂತೆ ಹೊತ್ತು ಹೆಚ್ಚುತ್ತದೆ. ಇದಕ್ಕೆ ಐನ್‌ಗೆವೋನುಂಗ್ ಅನ್ನುತ್ತಾರೆ. ದೊಡ್ಡವರಿಗೆ ಇದನ್ನು ಯಾರೂ ಮಾಡಿಸುವುದಿಲ್ಲ, ನೀವೇ ಮಾಡಿಕೊಳ್ಳಬೇಕು.

ಬೆಂಗಳೂರಿನಲ್ಲಿ ಹಾಲು ತರುವುದು, ಬಸ್ ಹತ್ತುವುದು, ಪಕ್ಕದ ಮನೆಯವರನ್ನು ಮಾತಾಡಿಸುವುದು ಯೋಚಿಸದೆ ನಡೆಯುತ್ತಿತ್ತು. ಇಲ್ಲಿ ಪ್ರತಿಯೊಂದಕ್ಕೂ ತಲೆ ಓಡಿಸಬೇಕು. ಸಂಜೆ ಹೊತ್ತಿಗೆ ಏನೂ ಮಾಡದಿದ್ದರೂ ಸುಸ್ತು ಯಾಕೆ ಅಂದರೆ ಇದೇ. ಅದಕ್ಕೆ ಮೊದಲ ತಿಂಗಳು ಊಟದಲ್ಲಿ ಪ್ರಯೋಗ ಬೇಡ. ಅನ್ನ, ಸಾರು, ಮೊಸರು ಇರಲಿ. ಪ್ರತಿ ಸಲ ಅದೇ ಸೂಪರ್‌ಮಾರ್ಕೆಟ್, ಅದೇ ದಾರಿ, ಅದೇ ಬೇಕರಿ. ಬೇಕರಿಯ ಹೆಂಗಸು ನಿಮ್ಮ ಮುಖ ಗುರುತು ಹಿಡಿಯುವ ದಿನ ಸಣ್ಣದೊಂದು ಧೈರ್ಯ ಬರುತ್ತದೆ ನೋಡಿ, ಅದು ಬೇಕು. ಪ್ಯಾರಿಸ್, ಪ್ರಾಗ್ ಎಲ್ಲೂ ಓಡಿಹೋಗುವುದಿಲ್ಲ, ಆಮೇಲೆ ನೋಡಬಹುದು.

ಇನ್ನೊಂದು ವಿಷಯಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಗೊತ್ತಿದ್ದ ಕೆಲಸಕ್ಕೂ ಮತ್ತೆ ಪರೀಕ್ಷೆ ಕೊಡಬೇಕಾಗುತ್ತದೆ. ನಮ್ಮ ಡ್ರೈವಿಂಗ್ ಲೈಸೆನ್ಸ್ ಇಲ್ಲಿ ನೆಲೆಸಿದ ಮೇಲೆ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡನ್ನೂ ಪಾಸ್ ಮಾಡಬೇಕು. ಹದಿನೈದು ವರ್ಷ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಗಾಡಿ ಓಡಿಸಿದವರಿಗೆ ಇದು ಅವಮಾನ ಅನ್ನಿಸುತ್ತದೆ. ಅನ್ನಿಸಲಿ. ಆ ನೋವು ನಿಜ, ಅದನ್ನು ಮನೆಯಲ್ಲಿ ಹೇಳಿಕೊಳ್ಳಿ. ಆದರೆ ಅದರಿಂದ ನಿಮ್ಮ ಬೆಲೆ ಅಳೆಯಬೇಡಿ.

4. ಬರೆಯದ ನಿಯಮಗಳನ್ನು ಕೇಳಿ ಕಲಿಯಿರಿ

ಬರೆದ ನಿಯಮ ಓದಿ ಕಲಿಯಬಹುದು: ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದು ಮಾಡಬಾರದು, ಭಾನುವಾರ ಅಂಗಡಿ ಮುಚ್ಚಿರುತ್ತದೆ, ಡ್ರಿಲ್ ಹಾಕುವಂತಿಲ್ಲ. ತೊಂದರೆ ಕೊಡುವುದು ಬರೆಯದ ನಿಯಮ. ಹುಟ್ಟುಹಬ್ಬಕ್ಕೆ ಒಂದು ದಿನ ಮೊದಲೇ ವಿಶ್ ಮಾಡಿದರೆ ಇಲ್ಲಿ ಅಪಶಕುನ ಅನ್ನುತ್ತಾರೆ. ಆಫೀಸಿಗೆ ಕೇಕ್ ತರಬೇಕಾದ್ದು ಹುಟ್ಟುಹಬ್ಬ ಇರುವವರೇ.

ಕೆಲಸದಲ್ಲಿ ಅತಿ ಹೆಚ್ಚು ಗಾಯವಾಗುವುದು ನೇರ ಮಾತಿನಿಂದ. "ಇದು ಸರಿಯಿಲ್ಲ, ಮತ್ತೆ ಮಾಡಿ" ಅಂತ ಮೀಟಿಂಗಿನಲ್ಲೇ ಹೇಳಿಬಿಡುತ್ತಾರೆ. ನಮಗೆ ಅದು ಎಲ್ಲರೆದುರು ಮರ್ಯಾದೆ ತೆಗೆದಂತೆ. ಹೇಳಿದವರು ಮಾತ್ರ ಮಧ್ಯಾಹ್ನ ಬಂದು "ಊಟಕ್ಕೆ ಹೋಗೋಣವಾ?" ಅಂತ ಕರೆಯುತ್ತಾರೆ, ಅವರ ಮನಸ್ಸಿನಲ್ಲಿ ಏನೂ ಉಳಿದಿರುವುದಿಲ್ಲ. ಅದೇ ರೀತಿ ನಾವು ಬೇಸರವಾಗದಿರಲಿ ಅಂತ "ನೋಡೋಣ", "ಟ್ರೈ ಮಾಡುತ್ತೇನೆ" ಅಂದರೆ ಅವರು ಅದನ್ನು ಒಪ್ಪಿಗೆ ಅಂತ ಬರೆದುಕೊಳ್ಳುತ್ತಾರೆ, ಡೆಡ್‌ಲೈನ್ ದಿನ ಇಬ್ಬರಿಗೂ ಆಘಾತ.

ಇದಕ್ಕೊಂದು ಉಪಾಯವಿದೆ. ಆಫೀಸಿನಲ್ಲಿ ನಂಬುವಂಥ ಒಬ್ಬರನ್ನು ಹುಡುಕಿ. ಇಲ್ಲೇ ಹುಟ್ಟಿದವರಿಗಿಂತ, ಪೋಲೆಂಡ್, ಟರ್ಕಿ, ಸ್ಪೇನ್‌ನಂಥ ಕಡೆಯಿಂದ ಬಂದು ಹತ್ತು ವರ್ಷ ಕಳೆದವರು ನನ್ನ ಪ್ರಕಾರ ಒಳ್ಳೆಯ ಗುರುಗಳು. ಯಾಕೆಂದರೆ ಇಲ್ಲಿಯವರಿಗೆ ತಮ್ಮ ನಿಯಮ ಕಣ್ಣಿಗೇ ಬೀಳುವುದಿಲ್ಲ, ಹೊರಗಿನಿಂದ ಬಂದವರು ಅದನ್ನು ಒಂದೊಂದಾಗಿ ಎಡವಿ ಕಲಿತಿರುತ್ತಾರೆ. ವಾರಕ್ಕೊಮ್ಮೆ ಅವರಿಗೆ ಒಂದೇ ಪ್ರಶ್ನೆ ಕೇಳಿ: "ಇವತ್ತು ಅವರು ಹೀಗೆ ಅಂದರು, ಅದರ ಅರ್ಥ ಏನು?" ನೀವೇ ಅರ್ಥ ಕಟ್ಟಿಕೊಂಡು ರಾತ್ರಿಯೆಲ್ಲಾ ಕೊರಗುವುದಕ್ಕಿಂತ ಇದು ಸಾವಿರ ಪಾಲು ಮೇಲು.

5. ಭಾಷೆ: ಪರೀಕ್ಷೆಗೆ ಓದುವುದು ಬೇರೆ, ಬಾಯಿ ಬಿಡುವುದು ಬೇರೆ

ಆಫೀಸು ಇಂಗ್ಲಿಷಿನಲ್ಲಿ ನಡೆಯುತ್ತದೆ, ಜರ್ಮನ್ ಯಾಕೆ ಅನ್ನುವವರು ಬಹಳ ಜನ. ಬ್ಲೂ ಕಾರ್ಡ್ (ಹೆಚ್ಚು ಓದಿದ ವಿದೇಶಿ ಕೆಲಸಗಾರರಿಗೆ ಕೊಡುವ ವಾಸದ ಪರವಾನಗಿ) ಇದ್ದವರಿಗೆ ಬಿ1, ಅಂದರೆ ಮಧ್ಯಮ ಮಟ್ಟದ ಜರ್ಮನ್ ಇದ್ದರೆ 21 ತಿಂಗಳಿಗೆ, ಎ1, ಅಂದರೆ ತೀರಾ ಆರಂಭದ ಮಟ್ಟ ಇದ್ದರೆ 27 ತಿಂಗಳಿಗೆ ಪರ್ಮನೆಂಟ್ ರೆಸಿಡೆನ್ಸ್ ಕೇಳಬಹುದು. ಅದೊಂದು ಕಾರಣ ಸರಿ. ಅದಕ್ಕಿಂತ ದೊಡ್ಡದು ಮನಸ್ಸಿನ ಕಾರಣ. ಟ್ರಾಮಿನಲ್ಲಿ ಹಿಂದೆ ಕೂತವರು ನಗುವಾಗ ಅವರು ಯಾವುದಕ್ಕೆ ನಗುತ್ತಿದ್ದಾರೆ ಅಂತ ಗೊತ್ತಾಗದಿದ್ದರೆ ನಮ್ಮನ್ನು ನೋಡಿಯೇ ನಗುತ್ತಿದ್ದಾರೆ ಅನ್ನಿಸುತ್ತದೆ. ನಾಯಿಯ ವಿಷಯಕ್ಕೆ ನಗುತ್ತಿದ್ದರು ಅಂತ ತಿಳಿದ ದಿನ ಆ ಭಯ ಅರ್ಧ ಇಳಿಯುತ್ತದೆ.

ಫೋಲ್ಕ್ಸ್‌ಹೋಖ್‌ಶೂಲೆ ಎಂಬ ಜನರ ಶಿಕ್ಷಣ ಕೇಂದ್ರಗಳು ಹೆಚ್ಚುಕಡಿಮೆ ಎಲ್ಲ ಊರುಗಳಲ್ಲೂ ಇವೆ, ಫೀಸು ಖಾಸಗಿ ಕ್ಲಾಸಿಗಿಂತ ಕಡಿಮೆ. ಆ್ಯಪ್‌ಗಿಂತ ಅಲ್ಲಿಗೆ ಹೋಗುವುದೇ ಒಳ್ಳೆಯದು, ಯಾಕೆಂದರೆ ಅಲ್ಲಿ ನಿಮ್ಮಂತೆಯೇ ತಪ್ಪು ಮಾತಾಡುವ ಸಿರಿಯಾದವರು, ಬ್ರೆಜಿಲ್‌ನವರು ಸಿಗುತ್ತಾರೆ. ನೀವು ಜರ್ಮನ್ ಶುರು ಮಾಡಿದ ತಕ್ಷಣ ಎದುರಿನವರು ಇಂಗ್ಲಿಷಿಗೆ ಬದಲಾಯಿಸಿದರೆ, "ದಯವಿಟ್ಟು ಜರ್ಮನ್‌ನಲ್ಲೇ ಮಾತಾಡಿ, ಕಲಿಯುತ್ತಿದ್ದೇನೆ" ಅನ್ನುವ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ.

ದೊಡ್ಡವರಾದ ಮೇಲೆ ಭಾಷೆ ಬರುವುದಿಲ್ಲ ಅನ್ನುವವರಿಗೆ ನಮ್ಮದೇ ಉದಾಹರಣೆ ಇದೆ. ಇದೇ ಜರ್ಮನಿಯಿಂದ ಹರ್ಮನ್ ಮೋಗ್ಲಿಂಗ್ 1836ರಲ್ಲಿ ಬಾಸೆಲ್ ಮಿಷನ್ ಪರವಾಗಿ ಮಂಗಳೂರಿಗೆ ಹೋದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದರು. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಂದರು, ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ನಾವು ಬಿ1 ಕಲಿತರೆ ಸಾಕು.

6. ಮೂರು ಬಗೆಯ ಜನ ಬೇಕು

ಮನಃಶಾಸ್ತ್ರಜ್ಞ ಸ್ಟೀಫನ್ ಬಾಚ್ನರ್ ಮತ್ತು ಜೊತೆಗಾರರು 1977ರಲ್ಲಿ ವಿದೇಶಿ ವಿದ್ಯಾರ್ಥಿಗಳ ಗೆಳೆತನವನ್ನು ನೋಡಿ ಒಂದು ಮಾತು ಹೇಳಿದರು. ಸ್ವಂತ ದೇಶದವರು, ಆ ದೇಶದವರು, ಬೇರೆ ದೇಶಗಳಿಂದ ಬಂದವರು, ಈ ಮೂರು ಗುಂಪೂ ಮೂರು ಬೇರೆ ಕೆಲಸ ಮಾಡುತ್ತವೆ. ನಮ್ಮವರು ಮನಸ್ಸಿಗೆ, ಸ್ಥಳೀಯರು ಕೆಲಸಕಾರ್ಯಕ್ಕೆ, ಹೊರಗಿನಿಂದ ಬಂದ ಬೇರೆಯವರು ಹೊತ್ತು ಕಳೆಯುವುದಕ್ಕೆ.

ನಮ್ಮವರನ್ನು ಹುಡುಕುವುದು ಸುಲಭ. ಮ್ಯೂನಿಕ್, ಫ್ರಾಂಕ್‌ಫರ್ಟ್ ಕಡೆ ಕನ್ನಡ ಕೂಟಗಳಿವೆ, ಯುಗಾದಿ, ಗಣೇಶ, ರಾಜ್ಯೋತ್ಸವ ನಡೆಯುತ್ತವೆ. ನವೆಂಬರ್ 1 ಬವೇರಿಯಾ, ಬಾಡೆನ್-ವುರ್ಟೆಂಬರ್ಗ್ ಸೇರಿ ಐದು ರಾಜ್ಯಗಳಲ್ಲಿ ಆಲ್ ಸೇಂಟ್ಸ್ ಹಬ್ಬಕ್ಕೆ ಸರ್ಕಾರಿ ರಜೆ. ಅಲ್ಲಿರುವ ಕನ್ನಡಿಗರಿಗೆ ರಾಜ್ಯೋತ್ಸವಕ್ಕೆ ರಜೆ ತಾನಾಗಿ ಸಿಕ್ಕಿಬಿಟ್ಟಿದೆ! ತಪ್ಪದೆ ಹೋಗಿ. "ನಮ್ಮವರ ಜೊತೆ ಸೇರಿದರೆ ಇಲ್ಲಿಗೆ ಹೊಂದಿಕೊಳ್ಳಲ್ಲ" ಅಂತ ದೂರ ಇರುವವರನ್ನು ನೋಡಿದ್ದೇನೆ. ಅದು ತಪ್ಪು ಲೆಕ್ಕ. ಬೇಜಾರಾದಾಗ ಕನ್ನಡದಲ್ಲಿ ಹೇಳಿಕೊಳ್ಳಲು ಒಬ್ಬರು ಬೇಕೇ ಬೇಕು.

ಸ್ಥಳೀಯರ ಗೆಳೆತನ ಕಷ್ಟ, ನಿಧಾನ. ಇಲ್ಲಿ ಸುಮ್ಮನೆ ಮನೆಗೆ ನುಗ್ಗುವ ರೂಢಿಯಿಲ್ಲ, ಗೆಳೆತನ ಬೆಳೆಯುವುದು ಒಟ್ಟಿಗೆ ಏನಾದರೂ ಮಾಡುವುದರಿಂದ. ಅದಕ್ಕೆ ದಾರಿ ಫೆರೈನ್, ಅಂದರೆ ಸಂಘ. ಈ ದೇಶದಲ್ಲಿ ನೋಂದಾಯಿತ ಸಂಘಗಳೇ 6 ಲಕ್ಷಕ್ಕೂ ಹೆಚ್ಚು. ಬ್ಯಾಡ್ಮಿಂಟನ್, ಚೆಸ್, ಹಾಡು, ಚಾರಣ, ತೋಟ, ಏನು ಬೇಕಾದರೂ. ಒಂದಕ್ಕೆ ಸೇರಿ ಒಂದು ವರ್ಷ ಬಿಡದೆ ಹೋಗಿ. ಮೊದಲ ಕೆಲವು ತಿಂಗಳು ಯಾರೂ ಜಾಸ್ತಿ ಮಾತಾಡಿಸುವುದಿಲ್ಲ. ಆಟ ಮುಗಿದ ಮೇಲೆ ನೆಟ್ ಮಡಚಲು, ಕುರ್ಚಿ ಎತ್ತಿಡಲು ನಿಲ್ಲಿ. ಮಾತು ಶುರುವಾಗುವುದು ಆಗಲೇ.

7. ಎಲ್ಲಿ ಬದಲಾಗಬೇಕು, ಎಲ್ಲಿ ಬೇಡ: ಒಂದೊಂದಾಗಿ ತೀರ್ಮಾನಿಸಿ

ಕೆನಡಾದ ಮನಃಶಾಸ್ತ್ರಜ್ಞ ಜಾನ್ ಬೆರಿ ಎರಡು ಪ್ರಶ್ನೆ ಕೇಳಿದರು. ನಿಮ್ಮ ಸಂಸ್ಕೃತಿ ಉಳಿಸಿಕೊಳ್ಳಬೇಕೇ? ಹೊಸ ಸಮಾಜದ ಜೊತೆ ಬೆರೆಯಬೇಕೇ? ಎರಡಕ್ಕೂ ಹೌದು ಅಂದವರು ಕೂಡಿ ಬಾಳುವವರು. ಹಳೆಯದನ್ನು ಬಿಟ್ಟು ಹೊಸದನ್ನೇ ಹಿಡಿದವರು ಕರಗಿಹೋಗುವವರು. ಹಳೆಯದರೊಳಗೇ ಬಾಗಿಲು ಹಾಕಿಕೊಂಡವರು ಬೇರೆಯಾಗಿ ಉಳಿಯುವವರು. ಎರಡೂ ಕೈತಪ್ಪಿದವರು ಅಂಚಿಗೆ ಬೀಳುವವರು. ಬೆರಿ ಮತ್ತು ಜೊತೆಗಾರರು 13 ದೇಶಗಳ ವಲಸಿಗ ಹದಿಹರೆಯದವರನ್ನು ನೋಡಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಎರಡನ್ನೂ ಹಿಡಿದುಕೊಂಡವರೇ ಹೆಚ್ಚು ಚೆನ್ನಾಗಿದ್ದರು.

ಆದರೆ ಇದನ್ನು ಇಡೀ ಬದುಕಿಗೆ ಒಂದೇ ಸಲ ತೀರ್ಮಾನಿಸಬೇಕಿಲ್ಲ. ಕೆಲಸದ ರೀತಿಯಲ್ಲಿ ಪೂರ್ತಿ ಇಲ್ಲಿಯವರಂತೆ ಇರಿ: ಸಮಯಕ್ಕೆ ಸರಿಯಾಗಿ, ಆಗದಿದ್ದರೆ ಆಗುವುದಿಲ್ಲ ಅಂತ ಹೇಳಿ. ಅಡುಗೆಮನೆ, ಮನೆಭಾಷೆ, ಪೂಜೆ ನಿಮ್ಮದೇ ಆಗಿರಲಿ. ನೆರೆಹೊರೆಗೆ ಎರಡೂ ಸೇರಲಿ. ಗೃಹಪ್ರವೇಶಕ್ಕೋ ಹಬ್ಬಕ್ಕೋ ಜನ ಸೇರುವುದಾದರೆ ಕೆಳಗಿನ ಬಾಗಿಲಿಗೆ "ಶನಿವಾರ ಸ್ವಲ್ಪ ಗಲಾಟೆ ಆಗಬಹುದು, ಕ್ಷಮಿಸಿ" ಅಂತ ಚೀಟಿ ಅಂಟಿಸಿ, ಮಾರನೇ ದಿನ ಪಕ್ಕದವರಿಗೆ ಒಂದು ಡಬ್ಬಿ ಮೈಸೂರು ಪಾಕ್ ಕೊಡಿ.

ಆಫೀಸಿನಲ್ಲಿ ಒಂದು ರೀತಿ, ಮನೆಯಲ್ಲಿ ಇನ್ನೊಂದು ರೀತಿ ಇರುವುದು ನಾಟಕ ಅನ್ನಿಸಬಹುದು. ಅದು ನಾಟಕವಲ್ಲ. ವೆರೊನಿಕಾ ಬೆನೆಟ್-ಮಾರ್ಟಿನೆಜ್ ಎಂಬ ಸಂಶೋಧಕಿ ತೋರಿಸಿದ್ದು, ತಮ್ಮೊಳಗಿನ ಎರಡು ಸಂಸ್ಕೃತಿಗಳು ಒಂದಕ್ಕೊಂದು ವಿರೋಧಿ ಅಂದುಕೊಳ್ಳದವರು ಮಾನಸಿಕವಾಗಿ ಹೆಚ್ಚು ನೆಮ್ಮದಿಯಿಂದ ಇರುತ್ತಾರೆ ಅಂತ. ಊರಿನಲ್ಲೂ ಅಜ್ಜಿಯ ಹತ್ತಿರ ಒಂದು ಮಾತು, ಗೆಳೆಯರ ಹತ್ತಿರ ಇನ್ನೊಂದು ಮಾತು ಇತ್ತಲ್ವಾ?

ಒಂದು ಎಚ್ಚರ. ಬೆರಿಯೇ ಹೇಳುವಂತೆ, ಇದು ವಲಸೆ ಬಂದವರ ಕೈಯಲ್ಲಿ ಮಾತ್ರ ಇಲ್ಲ. ಸಮಾಜ ಬಾಗಿಲು ತೆರೆದರೆ ಮಾತ್ರ ಒಳಗೆ ಹೋಗಲು ಸಾಧ್ಯ. ಹೆಸರು ನೋಡಿಯೇ ಮನೆ ಕೊಡದಿದ್ದರೆ, ಬಣ್ಣ ನೋಡಿ ಕೆಟ್ಟ ಮಾತಾಡಿದರೆ, ಅದು ನೀವು ಹೊಂದಿಕೊಳ್ಳದ್ದರ ಫಲ ಖಂಡಿತ ಅಲ್ಲ. ಕೆಲಸ, ಬಾಡಿಗೆ ಮನೆಯಲ್ಲಿನ ತಾರತಮ್ಯದ ವಿರುದ್ಧ ಇಲ್ಲಿ 2006ರಿಂದ ಕಾನೂನಿದೆ. ಪರಿಹಾರ ಕೇಳಲು ಎರಡು ತಿಂಗಳ ಗಡುವು ಇರುವುದರಿಂದ ದಿನಾಂಕ, ಮಾತು, ಸಾಕ್ಷಿಗಳನ್ನು ಅದೇ ದಿನ ಬರೆದಿಡಿ.

8. ಜೊತೆಗೆ ಬಂದವರ ಕಡೆ ನೋಡಿ

ಇದು ನನಗೆ ತುಂಬಾ ಕಾಡುವ ವಿಷಯ. ಕೆಲಸಕ್ಕೆ ಬಂದವರಿಗೆ ಮೊದಲ ದಿನದಿಂದಲೇ ಒಂದು ಕುರ್ಚಿ, ಐಡಿ ಕಾರ್ಡು, ಹೆಸರು ಹಿಡಿದು ಕರೆಯುವ ಹತ್ತು ಜನ ಸಿಗುತ್ತಾರೆ. ಜೊತೆಗೆ ಬಂದ ಹೆಂಡತಿಗೆ (ಈಗೀಗ ಗಂಡನಿಗೂ) ಅದ್ಯಾವುದೂ ಇರುವುದಿಲ್ಲ. ಊರಿನಲ್ಲಿ ಲೆಕ್ಚರರ್ ಆಗಿದ್ದವರು, ಬ್ಯಾಂಕಿನಲ್ಲಿದ್ದವರು ಇಲ್ಲಿ ಒಬ್ಬರ ಜೊತೆ ಬಂದವರು ಮಾತ್ರ ಆಗಿಬಿಡುತ್ತಾರೆ. "ರೀ, ನಿಮಗೆ ಆಫೀಸು ಅಂತ ಒಂದಿದೆ. ನನಗೇನಿದೆ ಇಲ್ಲಿ?" ಅನ್ನುವ ಮಾತು ಬಂದರೆ ಅದಕ್ಕೆ ಶಾಪಿಂಗ್, ಟ್ರಿಪ್ಪು ಉತ್ತರವಾಗುವುದಿಲ್ಲ.

ಬ್ಲೂ ಕಾರ್ಡ್ ಇದ್ದವರ ಸಂಗಾತಿಗೆ ಬರುವ ಮೊದಲು ಜರ್ಮನ್ ಪರೀಕ್ಷೆ ಬೇಕಿಲ್ಲ, ಬಂದ ಮೇಲೆ ಕೆಲಸ ಮಾಡಲು ಪೂರ್ತಿ ಅನುಮತಿಯಿದೆ. ಈ ಮೊದಲನೆಯ ಸೌಲಭ್ಯವೇ ಒಂದು ರೀತಿಯಲ್ಲಿ ತೊಂದರೆ ಕೊಡುತ್ತದೆ, ಭಾಷೆಯಿಲ್ಲದೆ ಬಂದು ಮನೆಯಲ್ಲೇ ಕೂರುವಂತಾಗುತ್ತದೆ. ಹಾಗಾಗಿ ಊರಿನಲ್ಲಿರುವಾಗಲೇ ಎ1 ಮುಗಿಸಿ ಬರಲಿ. ಬೆಂಗಳೂರಿನ ಗೋಥೆ ಸಂಸ್ಥೆ, ಅಂದರೆ ಮ್ಯಾಕ್ಸ್‌ಮುಲ್ಲರ್ ಭವನದಲ್ಲಿ ಕ್ಲಾಸುಗಳಿವೆ. ಬಂದ ಮೊದಲ ವಾರವೇ ಅವರ ಹೆಸರಿನಲ್ಲೂ ಬ್ಯಾಂಕ್ ಖಾತೆ, ಟ್ರಾಮ್ ಪಾಸ್ ಮಾಡಿಸಿ. ಎಲ್ಲ ಪತ್ರಗಳನ್ನೂ ಒಬ್ಬರೇ ಓದಿ, ಎಲ್ಲ ಆಫೀಸಿಗೂ ಒಬ್ಬರೇ ಹೋಗಿಬರುವುದು ಪ್ರೀತಿಯಿಂದಲೇ ಮಾಡಿದರೂ ಇನ್ನೊಬ್ಬರ ಕೈಕಾಲು ಕಟ್ಟಿದಂತೆ. ಅರ್ಧ ಕೆಲಸ ಅವರಿಗೆ ಬಿಡಿ, ತಡವಾದರೂ ಪರವಾಗಿಲ್ಲ.

9. ಮಕ್ಕಳು

ಮಕ್ಕಳು ನಮಗಿಂತ ಬೇಗ ಕಲಿಯುತ್ತಾರೆ. ಅಪಾಯ ಅಲ್ಲೇ ಇದೆ. ಅಮೆರಿಕದ ಸಮಾಜಶಾಸ್ತ್ರಜ್ಞರಾದ ಪೋರ್ಟೆಸ್ ಮತ್ತು ರುಂಬಾ ತೋರಿಸಿದಂತೆ, ಮಕ್ಕಳು ಮುಂದೆ ಓಡಿ ಅಪ್ಪ ಅಮ್ಮ ತೀರಾ ಹಿಂದೆ ಉಳಿದರೆ ಮನೆಯ ಕ್ರಮವೇ ತಲೆಕೆಳಗಾಗುತ್ತದೆ. ಎಂಟು ವರ್ಷದ ಮಗಳು ಡಾಕ್ಟರ ಮಾತನ್ನು ಅಮ್ಮನಿಗೆ ಬಿಡಿಸಿ ಹೇಳುವ ಸ್ಥಿತಿ ಬಂದರೆ ಆ ಭಾರ ಮಗುವಿಗೆ ದೊಡ್ಡದು. ಆಸ್ಪತ್ರೆಗೆ, ಸ್ಕೂಲಿನ ಮೀಟಿಂಗಿಗೆ ಗೊತ್ತಿರುವ ದೊಡ್ಡವರನ್ನು ಕರೆದುಕೊಂಡು ಹೋಗಿ.

ಮನೆಯಲ್ಲಿ ಕನ್ನಡವನ್ನೇ ಮಾತಾಡಿ. ನಮ್ಮ ಹರಕು ಜರ್ಮನ್ ಅವರಿಗೆ ಬೇಡ, ಅದನ್ನು ಕಿಟಾ ಕಲಿಸುತ್ತದೆ. "ಅಮ್ಮ, ಬಾಲ್ ಕಪುಟ್ ಆಯ್ತು" ಅಂತ ಮಗು ಎರಡು ಭಾಷೆ ಬೆರೆಸಿದರೆ ಗಾಬರಿ ಬೇಡ. ಎರಡು ಭಾಷೆಯ ಮಕ್ಕಳೆಲ್ಲ ಹಾಗೇ ಮಾತಾಡುತ್ತಾರೆ. "ಓ, ಒಡೆದುಹೋಯ್ತಾ?" ಅಂತ ಕನ್ನಡದಲ್ಲಿ ಉತ್ತರ ಕೊಟ್ಟರೆ ಸಾಕು.

10. ಚಳಿಗಾಲ, ಮತ್ತು ಸಹಾಯ ಕೇಳಬೇಕಾದ ಹೊತ್ತು

ಡಿಸೆಂಬರಿನಲ್ಲಿ ಬರ್ಲಿನ್‌ನಲ್ಲಿ ಬೆಳಗ್ಗೆ ಎಂಟು ದಾಟಿದ ಮೇಲೆ ಸೂರ್ಯ ಹುಟ್ಟಿ, ಸಂಜೆ ನಾಲ್ಕರೊಳಗೆ ಮುಳುಗುತ್ತಾನೆ. ವರ್ಷವಿಡೀ ಹೆಚ್ಚುಕಡಿಮೆ ಹನ್ನೆರಡು ಗಂಟೆ ಹಗಲು ನೋಡಿದ ನಮ್ಮ ಮೈಗೆ ಇದು ದೊಡ್ಡ ಪೆಟ್ಟು. ಮೋಡ ಇದ್ದರೂ ಮಧ್ಯಾಹ್ನದ ಬಿಡುವಿನಲ್ಲಿ ಅರ್ಧ ಗಂಟೆ ಹೊರಗೆ ನಡೆಯಿರಿ. ವಿಟಮಿನ್ ಡಿ ಬಗ್ಗೆ ಹೌಸ್‌ಆರ್ಟ್ಸ್ಟ್, ಅಂದರೆ ನಿಮ್ಮ ಕುಟುಂಬದ ಡಾಕ್ಟರ ಹತ್ತಿರ ಕೇಳಿ. ನವೆಂಬರಿನಿಂದ ಫೆಬ್ರವರಿಯವರೆಗೆ ವಾರಕ್ಕೊಂದು ಸಂಜೆ ಜನರ ಜೊತೆ ಕಳೆಯುವುದನ್ನು ಅಕ್ಟೋಬರಿನಲ್ಲೇ ಗೊತ್ತು ಮಾಡಿಬಿಡಿ.

ಬೇಜಾರು ಬೇರೆ, ಖಿನ್ನತೆ ಬೇರೆ. ಎರಡು ವಾರಕ್ಕಿಂತ ಹೆಚ್ಚು ದಿನ, ಹೆಚ್ಚುಕಡಿಮೆ ಪ್ರತಿದಿನ, ಯಾವುದರಲ್ಲೂ ಆಸಕ್ತಿಯಿಲ್ಲ, ನಿದ್ದೆ ಊಟ ಕೆಟ್ಟಿದೆ, ಕೆಲಸ ಮಾಡಲಾಗುತ್ತಿಲ್ಲ ಅಂದರೆ ಕಾಯಬೇಡಿ. ಇಲ್ಲಿನ ಸಾರ್ವಜನಿಕ ಆರೋಗ್ಯ ವಿಮೆ ಸೈಕೋಥೆರಪಿ ಖರ್ಚು ಕೊಡುತ್ತದೆ. ಥೆರಪಿಸ್ಟ್ ಸಿಗಲು ತಿಂಗಳುಗಟ್ಟಲೆ ಆಗಬಹುದು, ಆದರೆ ಮೊದಲ ಭೇಟಿಗೆ 116117 ನಂಬರಿನ ಮೂಲಕ ಟರ್ಮಿನ್ ಕೇಳಬಹುದು. ಟೆಲಿಫೋನ್‌ಜೇಲ್‌ಜೋರ್ಗೆ ಎಂಬ ಸಹಾಯವಾಣಿ 0800 1110111 ಹಗಲು ರಾತ್ರಿ ಉಚಿತ. ಬದುಕು ಬೇಡ ಅನ್ನಿಸಿದರೆ ನೇರ ತುರ್ತು ನಂಬರ್ 112. ಇದಕ್ಕೆ ನಾಚಿಕೆ ಪಡಬೇಡಿ, ಇದರಿಂದ ವೀಸಾ ಹೋಗುತ್ತದೆ ಅನ್ನುವ ಭಯವೂ ಬೇಡ.

11. ಊರಿನ ಕಡೆಯ ಎಳೆ

ಅಮೆರಿಕದ ಪಾಲಿನ್ ಬಾಸ್ ಎಂಬ ಚಿಕಿತ್ಸಕಿ ಒಂದು ವಿಚಿತ್ರವಾದ ನಷ್ಟದ ಬಗ್ಗೆ ಬರೆದಿದ್ದಾರೆ. ಕಳೆದುಕೊಂಡದ್ದು ಸತ್ತಿಲ್ಲ, ಆದರೆ ಹತ್ತಿರವೂ ಇಲ್ಲ. ಅದಕ್ಕೆ ಅಳುವುದಕ್ಕೂ ದಾರಿಯಿಲ್ಲ. ಅಪ್ಪ ಅಮ್ಮ ಫೋನಿನಲ್ಲಿ ದಿನಾ ಸಿಗುತ್ತಾರೆ, ಆದರೆ ಅಪ್ಪನ ಮಂಡಿನೋವು ಹೆಚ್ಚಾದದ್ದು ವಿಡಿಯೋದಲ್ಲಿ ಕಾಣುವುದಿಲ್ಲ. "ಊಟ ಆಯ್ತೇನೋ?" "ಆಯ್ತಮ್ಮ." ಎರಡೂ ಕಡೆಯವರು ಚೆನ್ನಾಗಿದ್ದೇವೆ ಅಂತ ಮುಚ್ಚಿಡುತ್ತಾರೆ. ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಸಮಯದ ಅಂತರವಿದೆ. ವಾರದಲ್ಲಿ ಎರಡು ದಿನ ನಿಧಾನವಾಗಿ ಮಾತಾಡಲು ಹೊತ್ತು ಗೊತ್ತು ಮಾಡಿ, ಒಂದಾದರೂ ನಿಜವಾದ ಕಷ್ಟ ಹೇಳಿ. ನೀವು ಹೇಳಿದರೆ ಅವರೂ ಹೇಳುತ್ತಾರೆ.

ಮೊದಲ ಸಲ ಊರಿಗೆ ಹೋದಾಗ ಅಲ್ಲೂ ಹೊರಗಿನವರಂತೆ ಅನ್ನಿಸಿದರೆ ಆಶ್ಚರ್ಯಪಡಬೇಡಿ. ಮರಳಿದಾಗಿನ ಈ ಎರಡನೇ ಇಳಿತವನ್ನು ಸಂಶೋಧಕರಾದ ಗಲ್ಲಾಹಾರ್ನ್ ದಂಪತಿ 1963ರಲ್ಲೇ ಗುರುತಿಸಿದ್ದರು. ವಾಪಸ್ ಹೋಗಿ ನೆಲೆಸುವ ತೀರ್ಮಾನವನ್ನು ರಜೆಯಿಂದ ಬಂದ ವಾರದಲ್ಲಾಗಲಿ, ಫೆಬ್ರವರಿಯ ಕತ್ತಲಿನಲ್ಲಾಗಲಿ ಮಾಡಬೇಡಿ. ಜೂನ್‌ವರೆಗೆ ಕಾದು, ಆಗಲೂ ಹೋಗಬೇಕು ಅನ್ನಿಸಿದರೆ ಧೈರ್ಯವಾಗಿ ಹೊರಡಿ. ಅದು ಸೋಲಲ್ಲ.

ಕೊನೆಗೆ ಪಾಸ್‌ಪೋರ್ಟ್. 2024ರ ಜೂನ್ 27ರಿಂದ ಜರ್ಮನಿ ಎರಡು ಪೌರತ್ವ ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. ಅಂದರೆ ಇಲ್ಲಿಯವರಾದರೆ ನೀಲಿ ಪಾಸ್‌ಪೋರ್ಟ್ ಬಿಡಬೇಕು. ಆ ದಿನ ಎಷ್ಟು ನೋವಾಗುತ್ತದೆ ಅಂತ ಮೊದಲೇ ಊಹಿಸದೆ ಅರ್ಜಿ ಹಾಕಿದವರು ಇದ್ದಾರೆ. ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ಭಾರತ ಕೊಡುವುದು) ಸಿಗುತ್ತದೆ, ಆದರೆ ಅದರಲ್ಲಿ ಮತದಾನ ಇಲ್ಲ, ಕೃಷಿ ಜಮೀನು, ತೋಟ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಮಲೆನಾಡಿನಲ್ಲೋ ಮಂಡ್ಯದಲ್ಲೋ ಮನೆಯ ಜಮೀನು ಇರುವವರು ಅರ್ಜಿ ಹಾಕುವ ಮೊದಲು ಅಪ್ಪ, ಅಣ್ಣತಮ್ಮ, ಅಕ್ಕತಂಗಿಯರ ಜೊತೆ ಕೂತು ಮಾತಾಡಿ, ಊರಿನ ವಕೀಲರೊಬ್ಬರನ್ನು ಕೇಳಿ, ಆಮೇಲೆ ಸಹಿ ಹಾಕಿ.